ಇಂಗ್ಲಿಷ್ ಜಾನಪದ ಹಾಡಿಗೆ ಪಿಟೀಲು, ಮೃದಂಗ: ಶ್ರುತಿ, ರಾಗ, ತಾಳ ಹೊಂದಿಸೋದು ಹೇಗೆ?

ಪಿಟೀಲು_ಮಿಡ್‌ಲ್ಯಾಂಡ್ಸ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಜಾನಪದಕ್ಕೆ ಸಿತಾರ್, ಢೋಲ್ ಬೆರೆಸಿದ ದಿ ಇಮ್ಯಾಜಿನ್ಡ್ ವಿಲೇಜ್ ತಂಡದ ಜಾಡು ಹಿಡಿದು ಇಂಗ್ಲೆಂಡಿನ ಹಳೆಯ ಹಾಡುಗಳನ್ನು ನಮ್ಮ ವಾದ್ಯಗಳ ಜೊತೆ ಕಟ್ಟುವ ಯೋಚನೆ ಇದೆ. ಇಲ್ಲಿ ಮಿಡ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ಜನ ಸೇರಿದ್ದೇವೆ. ಒಬ್ಬರು ಹಾಡುತ್ತಾ ಗಿಟಾರ್ ನುಡಿಸುತ್ತಾರೆ (ಹೆಣ್ಣು ದನಿ, ಗಿಟಾರ್ ಡಿ-ಎ-ಡಿ-ಜಿ-ಎ-ಡಿ ಶ್ರುತಿಯಲ್ಲಿ). ಇನ್ನೊಬ್ಬರದು ಡಿ/ಜಿ ಮೆಲೋಡಿಯನ್ (ತಿದಿ ಒತ್ತಿ ಎಳೆದು ನುಡಿಸುವ ಗುಂಡಿಗಳ ಅಕಾರ್ಡಿಯನ್). ನನ್ನದು ಕರ್ನಾಟಕ ಶೈಲಿಯ ಪಿಟೀಲು, 5 ಮನೆ ಶ್ರುತಿ. ಮೃದಂಗವೂ 5 ಮನೆಯದ್ದೇ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ 20 ನಿಮಿಷ ಸಿಕ್ಕಿದೆ. ಒಂದು ನಿಧಾನದ ಬ್ಯಾಲಡ್ (ಕಥೆ ಹೇಳುವ ಹಾಡು), ಒಂದು ಜಿಗ್ (6/8ರ ಕುಣಿತದ ದಾಟಿ), ಸಮಯ ಉಳಿದರೆ ಇನ್ನೊಂದು ಅಂದುಕೊಂಡಿದ್ದೇವೆ.

ಸಮಸ್ಯೆ ಏನೆಂದರೆ, ಪ್ರತಿ ವಾದ್ಯ ಬೇರೆಯಾಗಿ ಕೇಳಿದರೆ ಶ್ರುತಿಯಲ್ಲೇ ಇದೆ, ಎಲ್ಲ ಸೇರಿದಾಗ ಮಾತ್ರ ಎಲ್ಲೋ ಕಚ್ಚಾಡಿದ ಹಾಗೆ ಕೇಳಿಸುತ್ತೆ. ಜಿಗ್‌ನಲ್ಲಿ ಮೃದಂಗ ಮತ್ತು ಮೆಲೋಡಿಯನ್‌ಗೆ ಸಮ ಕೂಡುತ್ತಿಲ್ಲ. ಷಡ್ಜವನ್ನು ಯಾವ ಸ್ವರಕ್ಕೆ ಇಡಬೇಕು, ಯಾವ ಹಾಡಿಗೆ ಯಾವ ರಾಗ, 6/8ಕ್ಕೆ ಯಾವ ತಾಳ? ಮೊದಲು ಯಾವ ಧ್ವನಿಮುದ್ರಿಕೆ ಕೇಳಬೇಕು ಅನ್ನೋದನ್ನೂ ಹೇಳಿ.

ಶ್ರುತಿಭೇದ:

ಕಚ್ಚಾಟ ಗಾಂಧಾರದಲ್ಲಿದೆ. ಗಿಟಾರ್‌ನಲ್ಲಿ ಪೂರ್ತಿ ಮೇಜರ್ ಕಾರ್ಡ್ (ಸ-ಗ-ಪ ಒಟ್ಟಿಗೆ) ಹಿಡಿದಾಗ ಬರುವ ಗಾಂಧಾರ ಷಡ್ಜದಿಂದ 400 ಸೆಂಟ್ಸ್ ದೂರ (ಅರ್ಧ ಸ್ವರಕ್ಕೆ 100 ಸೆಂಟ್ಸ್). ತಂಬೂರಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ 386. ಹದಿನಾಲ್ಕು ಸೆಂಟ್ಸ್ ಅಂದರೆ ಕಿವಿಗೆ ನೇರವಾಗಿ ಗೊತ್ತಾಗುವ ವ್ಯತ್ಯಾಸ. ಪಂಚಮದಲ್ಲಿ ಅಂತರ ಬರೀ 2 ಸೆಂಟ್ಸ್ (700 ಮತ್ತು 702), ಅಲ್ಲಿ ತೊಂದರೆ ಇಲ್ಲ. ನೀವು ಪಿಟೀಲಿನಲ್ಲಿ ತಂಬೂರಿಯ ಗಾಂಧಾರಕ್ಕೆ ಬೆರಳಿಡುತ್ತೀರಿ, ಗಿಟಾರ್ ತನ್ನ ಮೆಟ್ಟಿಲಿನ ಗಾಂಧಾರ ನುಡಿಸುತ್ತೆ. ಇಬ್ಬರೂ ಸರಿ, ಆದರೆ ಒಟ್ಟಿಗೆ ಸರಿಯಲ್ಲ.

ಹಾಗಾಗಿ ಮೊದಲ ಕೆಲಸ, ಕಾರ್ಡ್‌ನಿಂದ ಗಾಂಧಾರ ತೆಗೆಯಿರಿ. ಗಿಟಾರ್ ಸ-ಪ ಮಾತ್ರ ಹಿಡಿಯಲಿ, ಬೇಕಾದ ಕಡೆ ರಿ ಅಥವಾ ಮ ಸೇರಿಸಲಿ. ಗಾಂಧಾರ ಹಾಡಿನ ದಾಟಿಯಲ್ಲಿ ಮಾತ್ರ ಬರಲಿ. ಡಿ/ಜಿ ಮೆಲೋಡಿಯನ್‌ನ ಎಡಗೈ ಕಾರ್ಡ್‌ಗಳಿಗೂ ಇದೇ ಮಾತು. ಎಷ್ಟೋ ಪೆಟ್ಟಿಗೆಗಳಲ್ಲಿ ಗಾಂಧಾರದ ರೀಡ್ ಮುಚ್ಚುವ ಒಂದು ಸಣ್ಣ ಸ್ಲೈಡ್ ಇರುತ್ತೆ. ಅದನ್ನು ಎಳೆದರೆ ಕಾರ್ಡ್‌ನಲ್ಲಿ ಸ-ಪ ಮಾತ್ರ ಉಳಿಯುತ್ತೆ. ನಿಮ್ಮವರ ಪೆಟ್ಟಿಗೆಯಲ್ಲಿ ಅದು ಇದೆಯಾ, ಮೊದಲು ನೋಡಿ.

ಇದರಿಂದ ಇಂಗ್ಲಿಷ್ ಹಾಡಿಗೆ ಅಪಚಾರವಾಗುತ್ತೆ ಅನ್ನೋ ಅಳುಕು ಬೇಡ. ಹಳ್ಳಿಯ ಹಾಡುಗಾರರು ಹೆಚ್ಚಾಗಿ ಪಕ್ಕವಾದ್ಯವಿಲ್ಲದೆ ಒಂಟಿ ದನಿಯಲ್ಲೇ ಹಾಡುತ್ತಿದ್ದರು. ಕಾರ್ಡ್‌ಗಳು ಆಮೇಲೆ ಸೇರಿದ್ದು. ಸಂಗೀತಗಾರ ಪರ್ಸಿ ಗ್ರೇಂಜರ್ 1906ರಲ್ಲಿ ಲಿಂಕನ್‌ಶೈರ್‌ನಲ್ಲಿ ಫೋನೋಗ್ರಾಫ್ ಇಟ್ಟು ಹಾಡು ಮುದ್ರಿಸಿಕೊಂಡರು. ಆ ಹಾಡುಗಾರರ ಗಾಂಧಾರ, ನಿಷಾದಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ ಎಂದು 1908ರಲ್ಲೇ ಬರೆದಿದ್ದಾರೆ. ಒಂದೇ ಹಾಡಿನಲ್ಲಿ ಸಾಧಾರಣವೂ ಅಲ್ಲದ, ಅಂತರವೂ ಅಲ್ಲದ ಗಾಂಧಾರ ಬರುತ್ತೆ. ಪಿಟೀಲಿಗೆ ಅದು ಸಲೀಸು, ಮೆಲೋಡಿಯನ್‌ಗೆ ಆಗದ ಕೆಲಸ.

ಇನ್ನು ಷಡ್ಜ. ನಿಮ್ಮ ಪಿಟೀಲು, ಮೃದಂಗ ಎರಡೂ 5 ಮನೆ ಅಂದರೆ ಜಿ. ಹಾಡುವವರದು ಹೆಣ್ಣು ದನಿ. ಜಿ ಇಟ್ಟುಬಿಡಿ, ಗಿಟಾರ್‌ಗೆ 5ನೇ ಮೆಟ್ಟಿಲಿನಲ್ಲಿ (ಫ್ರೆಟ್) ಕೇಪೋ ಹಾಕಿ, ಅಂದರೆ ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್. ಡಿ-ಎ-ಡಿ-ಜಿ-ಎ-ಡಿ ಆಗ ಜಿ ಶ್ರುತಿಯ ಸ-ಪ-ಸ-ಮ-ಪ-ಸ ಆಗುತ್ತೆ. ಬೆರಳುಗಳು ಕಲಿತ ಹಾಗೇ ಓಡುತ್ತವೆ.

ತಂತಿವಾದ್ಯ_ಹುಚ್ಚು:

ಶ್ರುತಿಭೇದ ಅವರು ಹೇಳಿದ ಗಾಂಧಾರದ ಲೆಕ್ಕ ಸರಿ. ಆದರೆ 5ನೇ ಮೆಟ್ಟಿಲಿನಲ್ಲಿ ಕೇಪೋ ಹಾಕಿದರೆ ಷಡ್ಜದ ಕೆಳಗಿನ ಸ್ವರಗಳು ಹೋಗುತ್ತವೆ. ಅತಿ ಕೆಳಗಿನ ಸ್ವರವೇ ಷಡ್ಜವಾಗುತ್ತೆ. ತಂಡದಲ್ಲಿ ಬೇಸ್ ಇಲ್ಲ ಅನ್ನೋದು ನೆನಪಿರಲಿ.

ಬದಲಿಗೆ ಡಿ-ಜಿ-ಡಿ-ಜಿ-ಸಿ-ಡಿ ಇಡಿ. ಮಾಮೂಲಿ ಶ್ರುತಿಯಿಂದ ಹೊರಟರೆ, 6ನೇ ತಂತಿ ಇ ಯಿಂದ ಡಿ ಗೆ ಇಳಿಯಬೇಕು, 5ನೇದು ಎ ಯಿಂದ ಜಿ ಗೆ, 1ನೇದು ಇ ಯಿಂದ ಡಿ ಗೆ. 2ನೇ ತಂತಿ ಮಾತ್ರ ಬಿ ಯಿಂದ ಸಿ ಗೆ ಅರ್ಧ ಸ್ವರ ಏರುತ್ತೆ. 3, 4 ಹಾಗೇ ಇರಲಿ. ಜಿ ಷಡ್ಜಕ್ಕೆ ಇದು ಪ-ಸ-ಪ-ಸ-ಮ-ಪ. 5ನೇ ತಂತಿಯಲ್ಲಿ ತುಂಬಿದ ಮಂದ್ರ ಷಡ್ಜ, ಅದರ ಕೆಳಗೆ ಪಂಚಮ. ಖಾಲಿ ತಂತಿಗಳಲ್ಲಿ ಗಾಂಧಾರವೇ ಇಲ್ಲ. ಕೆಳಗಿನ ಎರಡು ತಂತಿಗಳನ್ನು ಸಡಿಲ ಬಿಟ್ಟಾಗ ಫ್ರೆಟ್‌ಗೆ ತಾಗಿ ಜಿರ್ರ್ ಅಂದರೆ ಸ್ವಲ್ಪ ದಪ್ಪ ತಂತಿ ಹಾಕಿಸಿ. ಶ್ರುತಿ ಬದಲಿಸಿದ ದಿನವೇ ವೇದಿಕೆ ಹತ್ತಬೇಡಿ. ತಂತಿಗಳು ಮೊದಲ ದಿನ ಹಳೆಯ ಜಾಗಕ್ಕೇ ಜಾರುತ್ತಿರುತ್ತವೆ.

ಈ ಡಿ-ಎ-ಡಿ-ಜಿ-ಎ-ಡಿ ಬಂದದ್ದು ಗಿಟಾರ್ ವಾದಕ ಡೇವಿ ಗ್ರಹಾಂ ಅವರಿಂದ, ಮೊರಾಕೊದಲ್ಲಿ ಊದ್ (ಅರಬ್ ತಂತಿವಾದ್ಯ) ಜೊತೆ ನುಡಿಸೋಕೆ ಅನುಕೂಲವಾಗಲಿ ಅಂತ. 60ರ ದಶಕದ ಆರಂಭದಲ್ಲೇ ಅದರಲ್ಲಿ ಐರಿಷ್ ದಾಟಿಯನ್ನು ರಾಗಾಲಾಪನೆಯ ಹಾಗೆ ಬೆಳೆಸಿದ್ದರು. ಇಂಗ್ಲಿಷ್ ಜಾನಪದ ಹಾಡುಗಾರ ಮಾರ್ಟಿನ್ ಕಾರ್ಥಿ ಅವರದ್ದು ಬೇರೆ, ಸಿ-ಜಿ-ಸಿ-ಡಿ-ಜಿ-ಎ. ಜಿ ಷಡ್ಜ ಅಂದುಕೊಂಡರೆ ಮ-ಸ-ಮ-ಪ-ಸ-ರಿ, ಅಲ್ಲೂ ಗಾಂಧಾರಕ್ಕೆ ಜಾಗ ಕೊಟ್ಟಿಲ್ಲ.

ಈಗ ಮೆಲೋಡಿಯನ್ ಪೆಟ್ಟಿಗೆಗೆ ಬರೋಣ, ನಿಮ್ಮ ತಂಡದಲ್ಲಿ ಬಗ್ಗದೇ ಇರೋ ವಾದ್ಯ ಅದೇ. ಡಿ ಸಾಲಿನಲ್ಲಿ ಡಿ ಮೇಜರ್ ಸ್ವರಗಳು, ಜಿ ಸಾಲಿನಲ್ಲಿ ಜಿ ಮೇಜರ್ ಸ್ವರಗಳು, ಅಂಚಿನಲ್ಲಿ ಒಂದೆರಡು ಹೆಚ್ಚುವರಿ ಗುಂಡಿ. ಸಾಮಾನ್ಯ ಪೆಟ್ಟಿಗೆಯಲ್ಲಿ ಎಫ್ ನ್ಯಾಚುರಲ್ ಸಿಗೋದಿಲ್ಲ, ಬಿ ಫ್ಲಾಟ್ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಜಿ ಷಡ್ಜಕ್ಕೆ ಪೆಟ್ಟಿಗೆಯಲ್ಲಿ ಇರೋದು ಶಂಕರಾಭರಣ, ಸಿ ಶಾರ್ಪ್ ಬಳಸಿದರೆ ಕಲ್ಯಾಣಿ, ಅವುಗಳೊಳಗಿನ ಮೋಹನ ಮತ್ತು ಶುದ್ಧ ಸಾವೇರಿ. ಕೈಶಿಕಿ ನಿಷಾದ ಬೇಕಾದ ಹರಿಕಾಂಬೋಜಿ ಆಗಲ್ಲ, ಖರಹರಪ್ರಿಯ ಅಂತೂ ದೂರ. ಅದೇ ಪೆಟ್ಟಿಗೆಯಲ್ಲಿ ಡಿ ಷಡ್ಜ ಮಾಡಿದರೆ ಎರಡೂ ನಿಷಾದ ಸಿಗುತ್ತೆ, ಅಂದರೆ ಹರಿಕಾಂಬೋಜಿ, ಶಂಕರಾಭರಣ ಎರಡೂ. ಎ ಷಡ್ಜ ಮಾಡಿದರೆ ಹರಿಕಾಂಬೋಜಿ, ಖರಹರಪ್ರಿಯ ಎರಡೂ. ಇಂಗ್ಲಿಷ್ ಮೆಲೋಡಿಯನ್‌ನವರು ಎ ಡೋರಿಯನ್ (ಖರಹರಪ್ರಿಯದ ಸ್ವರಗಳ) ದಾಟಿಗಳನ್ನು ಅಷ್ಟೊಂದು ನುಡಿಸೋದು ಇದಕ್ಕೇ, ಗುಂಡಿಗಳೇ ಅಲ್ಲಿಗೆ ಕರೆದುಕೊಂಡು ಹೋಗುತ್ತವೆ.

ಆದರೆ ಒಂದು ಹಾಡಿಗೆ ಜಿ, ಇನ್ನೊಂದಕ್ಕೆ ಎ ಅಂದರೆ ಮೃದಂಗದ ಗತಿ ಏನು? 20 ನಿಮಿಷದ ಕಾರ್ಯಕ್ರಮಕ್ಕೆ ಒಂದೇ ಷಡ್ಜ ಇಟ್ಟುಕೊಳ್ಳಿ. ಜಿಗ್ ಅನ್ನು ಜಿ ಮೇಜರ್‌ನದ್ದೇ ಆರಿಸಿ, ಅಲ್ಲಿ ಮೆಲೋಡಿಯನ್ ಮುಂದಾಳು. ಬ್ಯಾಲಡ್ ಡೋರಿಯನ್ ಆದರೆ ಮೆಲೋಡಿಯನ್ ದಾಟಿ ನುಡಿಸದೆ ಜಿ-ಡಿ ಸ್ವರಗಳನ್ನು ಮಾತ್ರ ಹಿಡಿದು ನಿಲ್ಲಲಿ. ಈ ಎರಡೂ ಸ್ವರ ಜಿ ಸಾಲಿನಲ್ಲಿ ತಿದಿ ಒತ್ತುವಾಗ ಬರುವಂಥವು. ಒತ್ತುತ್ತಾ ಹೋದರೆ ಗಾಳಿ ಮುಗಿಯುತ್ತೆ, ಗಾಳಿಗುಂಡಿ ಒತ್ತಿ ತಿದಿ ತೆರೆಯುವಷ್ಟು ಹೊತ್ತು ದನಿ ನಿಲ್ಲುತ್ತೆ. ಆ ಉಸಿರು ಸಾಲಿನ ಕೊನೆಗೆ ಬೀಳುವಂತೆ ಮೊದಲೇ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಪದದ ನಡುವೆ ಬೀಳುತ್ತೆ.

ಮರೆಯಬಾರದ್ದು ಇನ್ನೊಂದಿದೆ. ಮೆಲೋಡಿಯನ್‌ನಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡ್ ಇದ್ದು, ಅವುಗಳನ್ನು ಬೇಕಂತಲೇ ಕೆಲವು ಸೆಂಟ್ಸ್ ಹೆಚ್ಚು ಕಡಿಮೆ ಇಟ್ಟಿರುತ್ತಾರೆ, ಅಲೆಅಲೆಯಾಗಿ ಕೇಳಲಿ ಅಂತ. ತಂಬೂರಿ ಪಕ್ಕದಲ್ಲಿ ಅದೇ ಅಲೆ ಅಪಶ್ರುತಿಯಾಗಿ ಕೇಳುತ್ತೆ. ಒಂದು ರೀಡ್ ಮುಚ್ಚುವ ಸ್ಟಾಪ್ ಇದ್ದರೆ ಬ್ಯಾಲಡ್‌ನಲ್ಲಿ ಮುಚ್ಚಿ. ಶ್ರುತಿ ಪೆಟ್ಟಿಗೆಯನ್ನು ಎ = 440 ಹರ್ಟ್ಸ್ ಅಳತೆಗೆ ಇಟ್ಟು ಎಲ್ಲರನ್ನೂ ಅದಕ್ಕೆ ಎಳೆಯಬೇಡಿ. ಮೆಲೋಡಿಯನ್‌ನ ಜಿ ಕೇಳಿಸಿಕೊಂಡು ಶ್ರುತಿ ಪೆಟ್ಟಿಗೆಯ ಫೈನ್ ಗುಂಡಿ ತಿರುಗಿಸಿ, ಆಮೇಲೆ ಪಿಟೀಲು, ಗಿಟಾರ್, ಕೊನೆಗೆ ಮೃದಂಗ.

ತಕಿಟ_ತಕಧಿಮಿ:

ತಾಳದ ವಿಷಯ ನಾನು ಹೇಳ್ತೀನಿ. 6/8 ಅಂದ ತಕ್ಷಣ ಎಲ್ಲರೂ ರೂಪಕಕ್ಕೆ ಹೋಗ್ತಾರೆ, ಆರು ಇದೆಯಲ್ಲ ಅಂತ. ಅಲ್ಲೇ ಎಡವಟ್ಟು. ರೂಪಕದ ಆರು ಎರಡು-ನಾಲ್ಕಾಗಿ ಒಡೆಯುತ್ತೆ, ಜಿಗ್‌ನ ಆರು ಮೂರು-ಮೂರಾಗಿ. ಜಿಗ್‌ಗೆ ಆದಿತಾಳ, ತಿಶ್ರ ನಡೆ ಹಾಕಿ. ಒಂದು ಬಾರ್‌ಗೆ ಎರಡು ಅಕ್ಷರ, ಪ್ರತಿ ಅಕ್ಷರಕ್ಕೆ ಒಂದು ತಕಿಟ. ನಾಲ್ಕು ಬಾರ್‌ಗೆ ಒಂದು ಆವರ್ತನ. ಮಾಮೂಲಿ ಜಿಗ್‌ನಲ್ಲಿ 8 ಬಾರ್‌ನ ಮೊದಲ ಭಾಗ ಎರಡು ಸಲ, 8 ಬಾರ್‌ನ ಎರಡನೇ ಭಾಗ ಎರಡು ಸಲ, ಒಟ್ಟು 32 ಬಾರ್. ಅಂದ್ರೆ ಸರಿಯಾಗಿ 8 ಆವರ್ತನ. ರೀಲ್ (ನಾಲ್ಕರ ಎಣಿಕೆಯ ಕುಣಿತದ ದಾಟಿ) ಆದ್ರೂ ಲೆಕ್ಕ ಅದೇ, ನಡೆ ಮಾತ್ರ ಚತುರಶ್ರ.

ಸಮ ಕೂಡದೇ ಇರೋಕೆ ಕಾರಣ ಎಡುಪು, ಅಂದ್ರೆ ತಾಳದಲ್ಲಿ ದಾಟಿ ಶುರುವಾಗೋ ಜಾಗ. ಜಿಗ್‌ಗಳು ಬಹಳಷ್ಟು ಸಲ ಬಾರ್‌ಗೆ ಮುಂಚೆ ಒಂದು ಸಣ್ಣ ಸ್ವರದಿಂದ ಶುರುವಾಗುತ್ತೆ. ನಮ್ಮ ಲೆಕ್ಕದಲ್ಲಿ ಅತೀತ ಎಡುಪು, ಸಮಕ್ಕೆ ಮುಂಚೆ ತಿಶ್ರದ ಒಂದು ಮಾತ್ರೆ. ಮೆಲೋಡಿಯನ್‌ನವರು ಆ ಸ್ವರ ಒತ್ತಿದಾಗ ಮೃದಂಗದವರು ಅದನ್ನೇ ಸಮ ಅಂದುಕೊಂಡು ಹಿಡಿದ್ರೆ ಕೊನೇವರೆಗೂ ಅಕ್ಷರದ ಮೂರನೇ ಒಂದು ಭಾಗ ಮುಂದೆ ಓಡ್ತಾ ಇರ್ತಾರೆ. ಇಬ್ಬರಿಗೂ ತಾವೇ ಸರಿ ಅನ್ಸುತ್ತೆ. ಪರಿಹಾರ ಸುಲಭ: ಶುರು ಮಾಡೋ ಮುಂಚೆ ಅರ್ಧ ಆವರ್ತನ ಬಾಯಲ್ಲಿ ಹೇಳಿ, ತಕಿಟ ತಕಿಟ ತಕಿಟ ತಕಿಟ. ಕೊನೇ ಟ ಮೇಲೆ ದಾಟಿಯ ಮೊದಲ ಸ್ವರ ಬೀಳಬೇಕು, ಅದಾದ ಮೇಲೆ ಬರೋ ತ ಸಮ. ಇದನ್ನ ಮೆಲೋಡಿಯನ್‌ನವರ ಬಾಯಲ್ಲೂ ಹೇಳಿಸಿ.

ಇನ್ನು ನಡಿಗೆ. ತಕಿಟದ ಮೂರನ್ನೂ ಅಳತೆಗೋಲಿಟ್ಟಂತೆ ಸಮ ಮಾಡಿದ್ರೆ ಕುಣಿತ ಸತ್ತುಹೋಗುತ್ತೆ. ಮೊದಲನೇದು ಕೊಂಚ ಉದ್ದ, ಎರಡನೇದು ಕೊಂಚ ಗಿಡ್ಡ. ಎಷ್ಟು ಅನ್ನೋದು ಮೆಲೋಡಿಯನ್‌ನವರ ತಿದಿ ನೋಡಿ ಹಿಡೀಬೇಕು, ಬರೆದು ಕೊಡೋಕಾಗಲ್ಲ. ವೇಗ ನಿಮಿಷಕ್ಕೆ 110 ಅಕ್ಷರದ ಆಸುಪಾಸು ಇರಲಿ. ಕುಣಿಯೋಕೆ ಅದು ಸರಿ, ಬರೀ ಕೇಳೋಕೆ 100 ಆದ್ರೂ ಸಾಕು.

ಎಂಟನೇ ಆವರ್ತನಕ್ಕೆ ಮುಕ್ತಾಯ ಹಾಕ್ಬೇಕಂದ್ರೆ ಲೆಕ್ಕ 24 ಮಾತ್ರೆ. ಆರರ ಸೊಲ್ಲು ಮೂರು ಸಲ, ನಡುವೆ ಮೂರರ ಕಾರ್ವೆ (ಬಿಡುವು) ಎರಡು ಸಲ: ತ ದೀ , ಗಿ ಣ ತೊಂ / ತಾಂ , , / ತ ದೀ , ಗಿ ಣ ತೊಂ / ತಾಂ , , / ತ ದೀ , ಗಿ ಣ ತೊಂ. 18 ಮತ್ತು 6, ಇಪ್ಪತ್ನಾಲ್ಕು. ಕೊನೇ ತೊಂ ಮೇಲೆ ಮುಂದಿನ ಸುತ್ತಿನ ಎಡುಪಿನ ಸ್ವರವೂ ಬೀಳುತ್ತೆ, ಕೇಳೋಕೆ ಗಟ್ಟಿಯಾಗಿರುತ್ತೆ. ಐದರ ತದಿಗಿಣತೊಂ ಇಲ್ಲಿ ಬೇಡ. ಮೂರು ಸಲಕ್ಕೆ 15, ಉಳಿದ 9 ಎರಡು ಸಮ ಕಾರ್ವೆಗೆ ಒಡೆಯಲ್ಲ. ಮೂರು ಸುತ್ತಿಗೆ ಒಂದು ಮುಕ್ತಾಯ ಸಾಕು. ಪ್ರತಿ ಸುತ್ತಿಗೂ ಹಾಕಿದ್ರೆ ದಾಟಿಗೆ ಉಸಿರಾಡೋಕೆ ಜಾಗ ಇರಲ್ಲ.

ಹಳೇದಾರಿ:

ಮೇಲಿನವರು ವಾದ್ಯದ ಕಡೆ ಚೆನ್ನಾಗಿ ಹೇಳಿದ್ದಾರೆ. ನಾನು ಕೇಳುವ ಪಟ್ಟಿ ಮತ್ತು ಹಾಡಿನ ಆಯ್ಕೆಯ ಬಗ್ಗೆ ಬರೆಯುತ್ತೇನೆ.

ಇಮ್ಯಾಜಿನ್ಡ್ ವಿಲೇಜ್ ಅನ್ನು 2004ರಲ್ಲಿ ಶುರು ಮಾಡಿದವರು ಸೈಮನ್ ಎಮ್ಮರ್ಸನ್, ಆಫ್ರೋ ಕೆಲ್ಟ್ ಸೌಂಡ್ ಸಿಸ್ಟಂ ಕಟ್ಟಿದವರು. ಅವರು 2023ರಲ್ಲಿ ತೀರಿಕೊಂಡರು. ತಂಡದ ಹೆಸರು ಜಾರ್ಜಿನಾ ಬಾಯ್ಸ್ 1993ರಲ್ಲಿ ಬರೆದ ಪುಸ್ತಕದ್ದು. ಜಾನಪದ ಹಾಡು ಸಂಗ್ರಹಿಸಿದ ಸೆಸಿಲ್ ಶಾರ್ಪ್ ಕಾಲದವರು ಕಂಡ 'ಶುದ್ಧ ಇಂಗ್ಲಿಷ್ ಹಳ್ಳಿ' ಬಹುಮಟ್ಟಿಗೆ ಕಲ್ಪನೆಯದ್ದು ಎಂಬ ವಾದ ಅದರಲ್ಲಿದೆ. ಹಾಗಾದರೆ ಇಂದಿನ ಇಂಗ್ಲೆಂಡಿನಲ್ಲಿ ಇರುವವರನ್ನೆಲ್ಲ ಸೇರಿಸಿ ಇನ್ನೊಂದು ಹಳ್ಳಿ ಕಲ್ಪಿಸೋಣ ಎಂಬುದು ತಂಡದ ನಿಲುವು. ಮಾರ್ಟಿನ್ ಕಾರ್ಥಿ, ಅವರ ಮಗಳು ಎಲೈಜಾ, ಕ್ರಿಸ್ ವುಡ್ ಒಂದು ಕಡೆ. ನಿಖಿಲ್ ಬ್ಯಾನರ್ಜಿ ಅವರ ಬಳಿ ಕಲಿತ ಸಿತಾರ್ ವಾದಕಿ ಶೀಮಾ ಮುಖರ್ಜಿ, ಢೋಲ್‌ನ ಜಾನಿ ಕಲ್ಸಿ ಇನ್ನೊಂದು ಕಡೆ. ಮೂರು ಆಲ್ಬಂಗಳಿವೆ: 2007, 2010, 2012. ನೀವು 2010ರದ್ದರಿಂದ ಶುರು ಮಾಡಿ. ಮೊದಲನೆಯದು ಅತಿಥಿಗಳ ಮೇಳ, ಎರಡನೆಯದರಲ್ಲಿ ಒಂದು ತಂಡ ಕೂತು ನುಡಿಸಿದೆ. ಅದರಲ್ಲಿರುವ ಸ್ಕಾರ್ಬರೋ ಫೇರ್‌ನಲ್ಲಿ ಸಿತಾರ್ ಎಲ್ಲಿ ಬರುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ಗಮನಿಸಿ ಕೇಳಿ.

ಆದರೆ ನಿಮ್ಮ ನಾಲ್ಕು ಜನರ ಗಾತ್ರಕ್ಕೆ ಹತ್ತಿರದ ಮಾದರಿ ಅದಲ್ಲ, ಯಾರ್ಕ್‌ಸ್ಟನ್-ಥಾರ್ನ್-ಖಾನ್. ಸ್ಕಾಟ್ಲೆಂಡಿನ ಹಾಡುಗಾರ ಜೇಮ್ಸ್ ಯಾರ್ಕ್‌ಸ್ಟನ್, ಡಬಲ್ ಬೇಸ್‌ನ ಜಾನ್ ಥಾರ್ನ್, ದೆಹಲಿಯ ಸಾರಂಗಿ ವಾದಕ ಸುಹೇಲ್ ಯೂಸುಫ್ ಖಾನ್. 2016ರ ಅವರ ಮೊದಲ ಆಲ್ಬಂನ ಮೊದಲ ತುಣುಕೇ ಹದಿಮೂರು ನಿಮಿಷ ದಾಟುತ್ತದೆ. ಸಾರಂಗಿ ಅಲ್ಲಿ ಇಂಗ್ಲಿಷ್ ಫಿಡಲ್‌ನ ಕೆಲಸವನ್ನೇ ಮಾಡುತ್ತದೆ, ಹಾಡಿನ ಹಿಂದೆ ನೆರಳಿನಂತೆ ಬಂದು ಸಾಲು ಮುಗಿದಾಗ ಮಾತ್ರ ಮುಂದೆ ಬರುತ್ತದೆ. ಪಿಟೀಲಿನವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಶ್ರುತಿ ಮತ್ತು ದನಿ ಎರಡರಲ್ಲೇ ಎಷ್ಟು ಮಾಡಬಹುದು ಎಂದು ತಿಳಿಯಲು ಶೀಲಾ ಚಂದ್ರ ಅವರ 1992ರ ಏಕವ್ಯಕ್ತಿ ಆಲ್ಬಂ ಕೇಳಿ. ಬ್ರಿಟಿಷ್ ದಾಟಿಯೂ ಕೊನ್ನಕ್ಕೋಲಿನ (ಬಾಯಲ್ಲಿ ಹೇಳುವ ತಾಳದ ಸೊಲ್ಲು) ಜಾಡೂ ಅದರಲ್ಲಿವೆ. ಅರವತ್ತರ ದಶಕದ ಕೊನೆಯ ಹಲವು ರೆಕಾರ್ಡುಗಳಲ್ಲಿ ಸಿತಾರ್ ಅನ್ನು ಒಗ್ಗರಣೆಯಂತೆ ಕೊನೆಯಲ್ಲಿ ಸುರಿದಿದ್ದಾರೆ. ಅವನ್ನು ಬಿಟ್ಟರೂ ನಷ್ಟವಿಲ್ಲ.

ಬ್ಯಾಲಡ್‌ಗೆ ಸ್ಕಾರ್ಬರೋ ಫೇರ್ ಆದೀತು. ಪ್ರಸಿದ್ಧ ದಾಟಿ ಡೋರಿಯನ್, ಅಂದರೆ ಖರಹರಪ್ರಿಯದ ಸ್ವರಗಳು. ಸ್ವರಗಳು ಎನ್ನುತ್ತಿದ್ದೇನೆ, ರಾಗ ಎನ್ನುತ್ತಿಲ್ಲ. ಖರಹರಪ್ರಿಯದ ಗಾಂಧಾರ, ನಿಷಾದಗಳನ್ನು ನಾವು ತೂಗುವಂತೆ ಇಲ್ಲಿ ತೂಗಿದರೆ ಹಾಡುವವರು ಹಿಡಿದ ನೇರ ಸ್ವರದ ಮೇಲೆ ನಿಮ್ಮ ಗಮಕ ಹತ್ತಿ ಕೂರುತ್ತದೆ. ಹಾಡು ನಡೆಯುವಾಗ ಸ್ವರ ನೇರವಾಗಿರಲಿ, ಹೆಚ್ಚೆಂದರೆ ಜಾರು ಮತ್ತು ಸ್ಫುರಿತ. ಅವರ ಫಿಡಲ್‌ನಲ್ಲೂ ಅಂಥವೇ ಇವೆ. ಎರಡು ಚರಣಗಳ ನಡುವೆ ನಿಮಗೆ ಎಂಟು ಹತ್ತು ಸೆಕೆಂಡು ಸಿಕ್ಕಾಗ ಕಂಪಿತ ಬಿಚ್ಚಿ. ಮೊದಲ ಚರಣ ತಾಳವಿಲ್ಲದೆ ತಂಬೂರಿಯ ಮೇಲೆ ಮಾತ್ರ ಹಾಡಿಸಿ. ಮೃದಂಗ ಮೂರನೆಯ ಚರಣಕ್ಕೆ ಬಂದರೆ ಸಾಕು.

ಪಾಠಾಂತರ ಹುಡುಕಲು ಲಂಡನ್‌ನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿರುವ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯದ ಜಾಲತಾಣಕ್ಕೆ ಹೋಗಿ. ಪ್ರತಿ ಹಾಡಿಗೂ ಒಂದು ರೌಡ್ ಸಂಖ್ಯೆ (ಜಾನಪದ ಹಾಡುಗಳ ಪಟ್ಟಿಯ ಸಂಖ್ಯೆ) ಇರುತ್ತದೆ, ಸ್ಕಾರ್ಬರೋ ಫೇರ್‌ಗೆ 12. ಹೆಸರು ಹಾಕಿ ಹುಡುಕಿದರೆ ಕೆಲವು ಸಿಗುತ್ತವೆ, ಸಂಖ್ಯೆ ಹಾಕಿದರೆ ಬೇರೆ ಬೇರೆ ಹೆಸರಿನಲ್ಲಿ ಅಡಗಿರುವ ಅದೇ ಹಾಡು ಹೊರಬರುತ್ತದೆ.

ಇನ್ನೊಂದು ಮಾತು. ನೀವು ಕರ್ನಾಟಕ ಪಿಟೀಲಿನವರಾದ್ದರಿಂದ ಈ ದಾರಿ ನಿಮ್ಮ ವಾದ್ಯಕ್ಕೆ ಹೊಸದಲ್ಲ. ಬ್ರಿಟಿಷರಿಂದ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದವರು ಬಾಲುಸ್ವಾಮಿ ದೀಕ್ಷಿತರು. ಅವರಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡ್ ದಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟುಸ್ವರ ಮಾಡಿದರು, 'ಸಂತತಂ ಪಾಹಿಮಾಂ' ಬ್ರಿಟಿಷ್ ರಾಷ್ಟ್ರಗೀತೆಯ ದಾಟಿ. ಮೂರನೆಯ ತುಣುಕು ಬೇಕಾದರೆ ಯಾವುದಾದರೂ ನೋಟುಸ್ವರ ಹಾಕಿ. ಮೆಲೋಡಿಯನ್‌ಗೂ ಶಂಕರಾಭರಣವೇ ಬೇಕಿತ್ತಲ್ಲ.

ಪಿಟೀಲು_ಮಿಡ್‌ಲ್ಯಾಂಡ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆಟ್ಟಿಗೆಯಲ್ಲಿ ಗಾಂಧಾರದ ಸ್ಲೈಡ್ ಇದೆ. ಎರಡು ಸಣ್ಣ ಪ್ರಶ್ನೆ ಉಳಿದಿವೆ. ಗಿಟಾರ್‌ನವರಿಗೆ 'ಶಿ ಮೂವ್ಡ್ ಥ್ರೂ ದ ಫೇರ್' ಇಷ್ಟ, ಅದನ್ನು ಹಾಡಿ ವಿಡಿಯೊ ಹಾಕಿದರೆ ಹಕ್ಕಿನ ತೊಂದರೆ ಬರುತ್ತಾ? ಸಭಾಂಗಣ ಚಳಿ ಇರುತ್ತೆ, ಮೃದಂಗಕ್ಕೆ ಏನು ಮಾಡಬೇಕು? ಮೆಲೋಡಿಯನ್‌ನವರು 9/8 ಸ್ಲಿಪ್ ಜಿಗ್ ಒಂದನ್ನೂ ಹೇಳುತ್ತಿದ್ದಾರೆ.

ಹಳೇದಾರಿ:

'ಶಿ ಮೂವ್ಡ್ ಥ್ರೂ ದ ಫೇರ್' ಅನ್ನು ಎಲ್ಲರೂ ಸಾಂಪ್ರದಾಯಿಕ ಎಂದೇ ಬರೆಯುತ್ತಾರೆ, ದಾಟಿ ಹೌದು. ಸಾಹಿತ್ಯದ ಬಹುಪಾಲು ಐರಿಷ್ ಕವಿ ಪಾಡ್ರಿಕ್ ಕೋಲಂ ಅವರದು, ಅಚ್ಚಾದದ್ದು 1909ರಲ್ಲಿ. ಅವರು ತೀರಿಕೊಂಡದ್ದು 1972ರಲ್ಲಿ. ಬ್ರಿಟನ್ನಿನಲ್ಲಿ ಲೇಖಕರ ನಂತರ 70 ವರ್ಷ ಹಕ್ಕು ಇರುವುದರಿಂದ 2042ರ ಕೊನೆಯವರೆಗೆ ಅದು ಮುಕ್ತವಲ್ಲ. ಪಿಟೀಲಿನಲ್ಲಿ ದಾಟಿ ಮಾತ್ರ ನುಡಿಸಿದರೆ ಆ ಪ್ರಶ್ನೆ ಬರುವುದಿಲ್ಲ. ಅದು ಹರಿಕಾಂಬೋಜಿಯ ಸ್ವರಗಳದ್ದು, ಮೆಲೋಡಿಯನ್‌ಗೆ ಹೇಗೂ ಎಫ್ ಸಿಗದು. ಬೇರೆ ತಂಡ ಹೊಸದಾಗಿ ಬರೆದ ಸಾಹಿತ್ಯಕ್ಕೂ ಇದೇ ಎಚ್ಚರಿಕೆ: ಟ್ಯಾಮ್ ಲಿನ್ ಹಳೆಯ ಬ್ಯಾಲಡ್, ಇಮ್ಯಾಜಿನ್ಡ್ ವಿಲೇಜ್‌ಗೆ ಬೆಂಜಮಿನ್ ಜೆಫಾನಿಯಾ ಮರುಬರೆದ ರೂಪ ಅವರದ್ದೇ. ನಿಜಕ್ಕೂ ಹಳೆಯದಾದ ಹಾಡಿಗೆ ಕಾರ್ಯಕ್ರಮದ ಪಟ್ಟಿಯಲ್ಲಿ 'ಸಾಂಪ್ರದಾಯಿಕ, ಸಂಯೋಜನೆ ನಮ್ಮದು' ಎಂದು ಹಾಕಿ.

ತಕಿಟ_ತಕಧಿಮಿ:

ಮೃದಂಗವನ್ನ ಕಾರ್ ಡಿಕ್ಕೀಲಿ ಬಿಡಬೇಡಿ. ಕನಿಷ್ಠ ಅರ್ಧ ಗಂಟೆ ಮುಂಚೆ ಸಭಾಂಗಣದೊಳಗೆ ಚೀಲದಿಂದ ತೆಗೆದು ಇಡಿ, ಆಮೇಲೆ ಶ್ರುತಿ ಮಾಡಿ. ಹೀಟರ್ ಪಕ್ಕದಲ್ಲಿ ಇಟ್ರೆ ಚರ್ಮ ಒಣಗಿ ಶ್ರುತಿ ಏರುತ್ತೆ, ಥಂಡಿ ಹಿಡಿದ್ರೆ ಇಳಿಯುತ್ತೆ, ಎರಡೂ ಬೇಡ. ಎಡಗಡೆಯ ರವೆ ವೇದಿಕೆ ಏರೋ ಹತ್ತು ನಿಮಿಷ ಮುಂಚೆ ಹಚ್ಚಿ. ದೀಪದ ಶಾಖಕ್ಕೆ ಒಣಗಿದ್ರೆ ತೊಪ್ಪಿಯ (ಎಡಮುಖದ) ಗುಂಕಿ, ಅಂದ್ರೆ ತುಂಬಿದ ಕೆಳದನಿ, ಹೋಗುತ್ತೆ, ಪಕ್ಕದಲ್ಲಿ ಒದ್ದೆ ಬಟ್ಟೆ ಇರಲಿ. ಬಲಕ್ಕೊಂದು ಎಡಕ್ಕೊಂದು ಮೈಕ್, ಚರ್ಮದಿಂದ ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ. ಶ್ರುತಿ ಪೆಟ್ಟಿಗೆಯ ದನಿ ನಾಲ್ಕೂ ಜನರ ಮಾನಿಟರ್‌ಗೆ ಬರ್ಲೇಬೇಕು, ಸಭಿಕರಿಗೆ ಸಣ್ಣಗೆ ಕೇಳಿದ್ರೂ ಪರವಾಗಿಲ್ಲ.

ಸ್ಲಿಪ್ ಜಿಗ್‌ಗೆ ಒಂಬತ್ತು ಇದೆ ಅಂತ ಸಂಕೀರ್ಣ ಚಾಪು ಹಿಡೀಬೇಡಿ. ಅದು ನಾಲ್ಕು-ಐದು, ಇದು ಮೂರು-ಮೂರು-ಮೂರು. ರೂಪಕವನ್ನ ಮೂರೆಣಿಕೆಯಲ್ಲಿ ಹಾಕಿ, ತಿಶ್ರ ನಡೆ ಮಾಡಿ. ಇಲ್ಲಿ ರೂಪಕ ನಡೆಯುತ್ತೆ. ಮುಕ್ತಾಯಕ್ಕೆ ಎರಡು ಆವರ್ತನದ 18 ಸಾಕು, ನಾಲ್ಕರ ಸೊಲ್ಲು ಮೂರು ಸಲ, ನಡುವೆ ಮೂರರ ಕಾರ್ವೆ ಎರಡು.